ನನಗೊಬ್ಬಳಿಗೇ ಕಾಣುವ ಜಾಹೀರಾತು

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆ ನಿರ್ವಹಣೆ ಎಂಬ ಅಧ್ಯಾಯವಿದೆ. ಜಾಹೀರಾತಿಗೆ ಅಲ್ಲಿ ಮೂರು ಲಕ್ಷಣ ಕೊಟ್ಟಿದ್ದಾರೆ. ಅದಕ್ಕೆ ಹಣ ಕೊಡಬೇಕು, ಅದು ವ್ಯಕ್ತಿಗತವಲ್ಲ, ಅದನ್ನು ಕೊಟ್ಟವರು ಯಾರೆಂದು ಗೊತ್ತಿರುತ್ತದೆ. ಎರಡನೆಯದನ್ನು ವಿವರಿಸುವಾಗ, ಜಾಹೀರಾತಿನಲ್ಲಿ ಮಾರುವವನು ಮಾತ್ರ ಮಾತನಾಡುತ್ತಾನೆ, ಕೊಳ್ಳುವವನ ಜೊತೆ ಮುಖಾಮುಖಿ ಮಾತುಕತೆ ಇರುವುದಿಲ್ಲ ಎಂಬ ಅರ್ಥದಲ್ಲಿ ಬರೆದಿದೆ. ಎದುರು ನಿಂತು ಮಾತನಾಡಿ ಮಾರುವುದಕ್ಕೆ ವ್ಯಕ್ತಿಗತ ಮಾರಾಟ ಎಂಬ ಬೇರೆ ಶೀರ್ಷಿಕೆಯೇ ಇದೆ. ಇವೆರಡರ ವ್ಯತ್ಯಾಸ ಬರೆಯಿರಿ ಎಂದರೆ ನಾವೆಲ್ಲ ಕೋಷ್ಟಕ ಹಾಕಿ ಬರೆಯುತ್ತೇವೆ, ಅಂಕವೂ ಬರುತ್ತದೆ.

ಆ ಕೋಷ್ಟಕ ದಿನಪತ್ರಿಕೆಗೆ, ಬಸ್ ನಿಲ್ದಾಣದ ಹೋರ್ಡಿಂಗಿಗೆ, ಗೋಡೆಬರಹಕ್ಕೆ ಈಗಲೂ ಸರಿ. ನಮ್ಮ ಕೈಯಲ್ಲಿರುವ ಫೋನಿಗೆ ಮಾತ್ರ ಸರಿಯಲ್ಲ ಎಂಬುದು ನನ್ನ ವಾದ. ಫೋನಿನ ಜಾಹೀರಾತು ನಮ್ಮನ್ನು ನೋಡುತ್ತದೆ, ನಾವು ಒತ್ತಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ನಾವು ಮಾತೇ ಆಡದಿದ್ದರೂ ಉತ್ತರ ಕೊಡುತ್ತದೆ. ಪುಸ್ತಕದ ಲೆಕ್ಕದಲ್ಲಿ ಅದು ಜಾಹೀರಾತಿಗಿಂತ ವ್ಯಕ್ತಿಗತ ಮಾರಾಟಕ್ಕೇ ಹತ್ತಿರ. ಆದರೆ ಎದುರಿಗೆ ಮಾರಾಟಗಾರನ ಮುಖ ಇರುವುದಿಲ್ಲ.

ಹೋದ ತಿಂಗಳು ಊಟದ ಬಿಡುವಿನಲ್ಲಿ ನಾವು ಐವರು ಗೆಳತಿಯರು ಒಂದು ಪರೀಕ್ಷೆ ಮಾಡಿದೆವು. ಐದೂ ಫೋನುಗಳಲ್ಲಿ ಒಂದೇ ಶಾಪಿಂಗ್ ಆ್ಯಪ್ ತೆರೆದು 'ಕಾಲೇಜ್ ಬ್ಯಾಗ್' ಎಂದು ಹುಡುಕಿದೆವು. ಒಬ್ಬಳಿಗೆ 299 ರೂಪಾಯಿಯ ರೆಕ್ಸಿನ್ ಬ್ಯಾಗುಗಳ ಸಾಲೇ ಬಂತು. ಇನ್ನೊಬ್ಬಳ ಫೋನಿನಿಂದ ಅವಳ ಅಣ್ಣ ದುಬಾರಿ ಶೂ ತರಿಸುತ್ತಾನೆ; ಅವಳಿಗೆ 1,499ಕ್ಕಿಂತ ಕೆಳಗಿನದು ಮೊದಲ ಪರದೆಯಲ್ಲಿ ಕಾಣಲೇ ಇಲ್ಲ. ಮತ್ತೊಬ್ಬಳಿಗೆ ಕಾರ್ಟೂನ್ ಚಿತ್ರದ ಮಕ್ಕಳ ಚೀಲ ಬಂದಿತ್ತು, ಏಕೆಂದರೆ ಅದು ಅವಳ ಅಮ್ಮಿಯ ಫೋನು, ಮನೆಯಲ್ಲಿ ಎಲ್‌ಕೆಜಿಗೆ ಹೋಗುವ ತಮ್ಮನಿದ್ದಾನೆ. ಹುಡುಕಿದ ಪದ ಒಂದೇ, ಕುಳಿತ ಬೆಂಚೂ ಒಂದೇ, ಅಂಗಡಿ ಮಾತ್ರ ಐದು. ಮೇಲಿನ ಮೂರು ನಾಲ್ಕು ಬ್ಯಾಗುಗಳ ಮೂಲೆಯಲ್ಲಿ 'ಸ್ಪಾನ್ಸರ್ಡ್' ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು. ಪುಸ್ತಕದ ಮೂರನೆಯ ಲಕ್ಷಣದ ಗತಿ ಅದು.

ಇದು ಹೇಗೆ ನಡೆಯುತ್ತದೆ ಎಂಬುದನ್ನು ವಿಜ್ಞಾನ ವಿಭಾಗದವರಿಗೆ ಬಿಟ್ಟು ನಾವು ಸುಮ್ಮನಿರಬೇಕಾಗಿಲ್ಲ. ಮೂಲದಲ್ಲಿ ಇದು ಅಂಗಡಿಯ ಲೆಕ್ಕವೇ. 1998ರಿಂದ ಅಮೆಜಾನ್ ತನ್ನ ತಾಣದಲ್ಲಿ ಬಳಸುತ್ತಿದ್ದ ಒಂದು ವಿಧಾನವನ್ನು ಗ್ರೆಗ್ ಲಿಂಡನ್, ಬ್ರೆಂಟ್ ಸ್ಮಿತ್, ಜೆರೆಮಿ ಯಾರ್ಕ್ ಎಂಬ ಮೂವರು 2003ರಲ್ಲಿ ಲೇಖನವಾಗಿ ಪ್ರಕಟಿಸಿದರು. ಗಿರಾಕಿಯನ್ನು ಗಿರಾಕಿಗೆ ಹೋಲಿಸುತ್ತಾ ಕೂರುವ ಬದಲು ಸರಕನ್ನು ಸರಕಿಗೆ ಹೋಲಿಸುವುದು ಅವರ ಉಪಾಯ. ಇದನ್ನು ಕೊಂಡವರು ಅದನ್ನೂ ಕೊಂಡಿದ್ದಾರೆ ಎಂಬ ದೊಡ್ಡ ಪಟ್ಟಿ ಇಟ್ಟುಕೊಂಡರೆ ಸಾಕು. ನಮ್ಮ ಬೀದಿಯ ಕಿರಾಣಿ ಅಂಗಡಿಯವರೂ ಇದನ್ನೇ ಮಾಡುತ್ತಾರೆ. ರಂಜಾನ್ ಕೊನೆಯ ವಾರದಲ್ಲಿ ಶಾವಿಗೆ ಕೇಳಿದವರಿಗೆ ಅವರು ಕೇಳದೆಯೇ ಖರ್ಜೂರ, ಗೋಡಂಬಿ, ಚಾರೋಳಿ ತೆಗೆದಿಡುತ್ತಾರೆ.

ಡೀಪ್ ಲರ್ನಿಂಗ್ ಬಂದ ಮೇಲೆ ಪಟ್ಟಿ ಸಾಲದಾಯಿತು. ಈಗ ಪ್ರತಿ ಸರಕೂ ಪ್ರತಿ ಗಿರಾಕಿಯೂ ಒಂದೊಂದು ಸಂಖ್ಯೆಗಳ ಸಾಲು. ಮೊದಲಿಗೆ ಆ ಸಂಖ್ಯೆಗಳಿಗೆ ಅರ್ಥವಿಲ್ಲ. ಈ ಹುಡುಗಿ ಇದನ್ನು ಒತ್ತುತ್ತಾಳೋ ಇಲ್ಲವೋ ಎಂದು ಯಂತ್ರ ಊಹಿಸುತ್ತದೆ. ಊಹೆ ತಪ್ಪಿದರೆ ಸಂಖ್ಯೆಗಳನ್ನು ಚೂರು ತಿದ್ದುತ್ತದೆ, ಮತ್ತೆ ಊಹಿಸುತ್ತದೆ. ಹೀಗೆ ಕೋಟಿಗಟ್ಟಲೆ ಸಲ. ಕೊನೆಗೆ ಶಾವಿಗೆಯ ಸಾಲೂ ಖರ್ಜೂರದ ಸಾಲೂ ತಾವಾಗಿಯೇ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಈದ್ ಎಂದರೇನು ಎಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಹೇಳಿಕೊಡುವ ಅಗತ್ಯವೂ ಇಲ್ಲ.

2018ರಲ್ಲಿ ಚೀನಾದ ಅಲಿಬಾಬಾ ಕಂಪನಿಯ ಸಂಶೋಧಕರು 'ಡೀಪ್ ಇಂಟರೆಸ್ಟ್ ನೆಟ್‌ವರ್ಕ್' ಎಂಬ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಅವರು ಕೊಟ್ಟಿರುವ ಉದಾಹರಣೆ ಒಬ್ಬ ಎಳೆಯ ತಾಯಿಯದು. ಅವಳು ಈಚೆಗೆ ಉಣ್ಣೆಯ ಕೋಟು, ಟೀ ಶರ್ಟು, ಓಲೆ, ಚೀಲ, ಮಗುವಿನ ಕೋಟು ಎಲ್ಲವನ್ನೂ ನೋಡಿದ್ದಾಳೆ. ಹಳೆಯ ವಿಧಾನದಲ್ಲಿ ಇವನ್ನೆಲ್ಲ ಕಲಸಿ ಒಂದೇ ಸಾಲು ಮಾಡುತ್ತಿದ್ದರು. ಹೊಸದರಲ್ಲಿ, ಅವಳಿಗೆ ಕೈಚೀಲದ ಜಾಹೀರಾತು ತೋರಿಸಬೇಕೇ ಎಂದು ಲೆಕ್ಕ ಹಾಕುವಾಗ ಹಿಂದೆ ನೋಡಿದ ಚೀಲಗಳಿಗೆ ಹೆಚ್ಚು ತೂಕ ಕೊಟ್ಟು ಕೋಟುಗಳನ್ನು ಬದಿಗಿಡುತ್ತಾರೆ. ಬಟ್ಟೆ ಅಂಗಡಿಯಲ್ಲಿ 'ಆಪಾ, ಹೋದ ಸಲ ಆ ಹಸಿರು ನೋಡಿದಿರಲ್ಲ, ಅದೇ ಬಾರ್ಡರಿನದು ಬಂದಿದೆ' ಎನ್ನುವ ಹುಡುಗನ ಕೆಲಸ ಇದು. ಆ ಹುಡುಗನಿಗೆ ಐವತ್ತು ಗಿರಾಕಿಗಳ ನೆನಪಿರಬಹುದು. ಇದಕ್ಕೆ ಕೋಟಿ ಕೋಟಿ ಜನರದು.

ವಾಣಿಜ್ಯದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದರ ಮುಂದಿನ ಹೆಜ್ಜೆ. ಜಾಹೀರಾತಿನ ಜಾಗ ಹರಾಜಾಗುತ್ತದೆ. ಹೆಚ್ಚು ಕೂಗಿದವನಿಗೇ ಸಿಗುತ್ತದೆ ಎಂದುಕೊಂಡರೆ ತಪ್ಪು. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ. ಒಬ್ಬ ವ್ಯಾಪಾರಿ ಒಂದು ಕ್ಲಿಕ್ಕಿಗೆ 5 ರೂಪಾಯಿ ಕೊಡುತ್ತಾನೆ, ನಾನು ಅದನ್ನು ಒತ್ತುವ ಸಂಭವ ನೂರಕ್ಕೆ 2 ಎಂದು ಯಂತ್ರದ ಅಂದಾಜು. ಇನ್ನೊಬ್ಬ 2 ರೂಪಾಯಿ ಮಾತ್ರ ಕೊಡುತ್ತಾನೆ, ಸಂಭವ ನೂರಕ್ಕೆ 8. ಸಾವಿರ ಸಲ ತೋರಿಸಿದರೆ ಮೊದಲನೆಯವನಿಂದ 100 ರೂಪಾಯಿ ಬರುತ್ತದೆ, ಎರಡನೆಯವನಿಂದ 160. ಜಾಗ ಎರಡನೆಯವನಿಗೆ. ನಿಜವಾದ ಲೆಕ್ಕದಲ್ಲಿ ಇನ್ನೂ ಅಂಶಗಳು ಸೇರುತ್ತವೆ, ಆದರೆ ತಿರುಳು ಇದೇ. ಅಂದರೆ ನಾನು ಯಾವುದನ್ನು ಒತ್ತುತ್ತೇನೆ ಎಂಬ ಊಹೆಗೇ ರೂಪಾಯಿಯ ಬೆಲೆಯಿದೆ. ಊಹೆ ಎಷ್ಟು ಚೊಕ್ಕವೋ ಆದಾಯ ಅಷ್ಟು ಹೆಚ್ಚು. ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲಿ ನನ್ನ ಅಭ್ಯಾಸಗಳು ಯಾರದೋ ಬ್ಯಾಲೆನ್ಸ್ ಶೀಟಿನ ಆಸ್ತಿಯ ಬದಿಯಲ್ಲಿ ಕುಳಿತಿವೆ.

ಮತ್ತೊಂದು ಮಾತು. ಯಂತ್ರ ಏನನ್ನು ಕಲಿಯುತ್ತದೆ ಎಂಬುದು ಮಾಲೀಕ ಏನನ್ನು ಕೇಳುತ್ತಾನೆ ಎಂಬುದರ ಮೇಲಿದೆ. 2016ರಲ್ಲಿ ಯೂಟ್ಯೂಬಿನ ಎಂಜಿನಿಯರುಗಳು ತಮ್ಮ ಶಿಫಾರಸು ವ್ಯವಸ್ಥೆಯ ಬಗ್ಗೆ ಬರೆದಾಗ ಈ ಅಂಶವನ್ನು ಅವರೇ ಹೇಳಿದ್ದರು. ಬರೀ ಕ್ಲಿಕ್ ಎಣಿಸಿದರೆ ಮೋಸದ ಚಿತ್ರ ಹಾಕಿದ ವಿಡಿಯೋಗಳು ಮೇಲೆ ಬರುತ್ತವೆ, ಆದ್ದರಿಂದ ಎಷ್ಟು ಹೊತ್ತು ನೋಡುತ್ತಾರೆ ಎಂಬುದನ್ನು ಗುರಿಯಾಗಿಟ್ಟುಕೊಂಡೆವು ಎಂದು. ಹೊತ್ತು ಎಂದು ಕೇಳಿದರೆ ಅದು ಹೊತ್ತನ್ನೇ ಬೆಳೆಸುತ್ತದೆ. ಈ ವಸ್ತು ಇವಳಿಗೆ ಬೇಕಿತ್ತೇ, ಕೊಂಡ ಮೇಲೆ ಉಪಯೋಗವಾಯಿತೇ ಎಂಬ ಕಾಲಮ್ಮನ್ನು ಮಾಲೀಕ ಸೇರಿಸಿದರೆ ಮಾತ್ರ ಅದನ್ನೂ ಕಲಿಯುತ್ತದೆ.

ಈಗ ಎದುರು ವಾದಕ್ಕೂ ನ್ಯಾಯ ಸಲ್ಲಬೇಕು. ನಮ್ಮ ಖಾಲಾ ಮನೆಯಲ್ಲೇ ದುಪಟ್ಟಾಗಳಿಗೆ ಜರಿ ಕೆಲಸ ಮಾಡುತ್ತಾರೆ. ಪತ್ರಿಕೆಯಲ್ಲಿ ಒಂದು ಇಂಚು ಜಾಗ ಕೊಳ್ಳುವ ಶಕ್ತಿ ಅವರಿಗಿಲ್ಲ. ಒಂದು ಆ್ಯಪಿನಲ್ಲಿ ದಿನಕ್ಕೆ ನೂರು ರೂಪಾಯಿ ಜಾಹೀರಾತಿಗೆ ಹಾಕಿದಾಗ ಅವರ ದುಪಟ್ಟಾ ಬೆಳಗಾವಿಗೂ ಹೋಯಿತು, ಹೈದರಾಬಾದಿಗೂ ಹೋಯಿತು. ದುಪಟ್ಟಾ ಬೇಕಾದವರನ್ನೇ ಹುಡುಕಿ ತೋರಿಸುವ ಯಂತ್ರ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾಯಿತು, ಮೀಶೋ 2015ರಲ್ಲಿ ಅದೇ ಊರಿನಲ್ಲಿ ಹುಟ್ಟಿತು. ಸಣ್ಣ ಊರಿನ ವ್ಯಾಪಾರಿಗಳಿಗೆ ಇವು ತೆರೆದ ಬಾಗಿಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಖಾಲಾ ಇನ್ನೊಂದು ವಿಷಯವನ್ನೂ ಹೇಳುತ್ತಾರೆ. ಜಾಹೀರಾತು ನಿಲ್ಲಿಸಿದ ವಾರ ಅವರ ದುಪಟ್ಟಾ ಎಷ್ಟನೆಯ ಪುಟಕ್ಕೆ ಇಳಿಯಿತೆಂದರೆ, ಅವರಿಗೇ ಹುಡುಕಿದರೂ ಸಿಗಲಿಲ್ಲ. ಏಕೆ ಇಳಿಯಿತು ಎಂದು ಕೇಳಲು ಅಲ್ಲಿ ಯಾರೂ ಇಲ್ಲ. ಗಿರಾಕಿಗೆ ಕಾಣದ ತಕ್ಕಡಿ ವ್ಯಾಪಾರಿಗೂ ಕಾಣುವುದಿಲ್ಲ.

ತಕ್ಕಡಿ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಸೂರಾ ಇದೆ, ಅಲ್ ಮುತಫ್ಫಿಫೀನ್. ನಮ್ಮ ಸರ್ಕಾರದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಎಂಬುದಿದೆ, ಅಂಗಡಿಯ ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತದೆ. ತರಕಾರಿ ಮಾರುವವರ ಬಟ್ಟಿಗೂ ಮುದ್ರೆ ಬೇಕು ಎನ್ನುವ ನಾಡಿನಲ್ಲಿ, ಕೋಟಿ ಜನರಿಗೆ ಯಾವ ಸರಕು ಕಾಣಬೇಕು ಎಂದು ತೂಗುವ ಯಂತ್ರಕ್ಕೆ ಮುದ್ರೆ ಒತ್ತುವವರು ಯಾರು?

ಜಾಹೀರಾತು ಸುಳ್ಳು ಹೇಳಿದರೆ ದೂರು ಕೊಡಲು ವ್ಯವಸ್ಥೆ ಇಲ್ಲದಿಲ್ಲ. 1985ರಿಂದ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು. 'ಇನ್ನು ಎರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಜಾಹೀರಾತನ್ನು ಜಾಹೀರಾತಲ್ಲ ಎಂಬಂತೆ ತೋರಿಸುವುದು, ಹೀಗೆ 13 ಬಗೆಯ ಮೋಸದ ವಿನ್ಯಾಸಗಳನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿ ನಿಷೇಧಿಸಿದೆ. ಸಹಾಯವಾಣಿ 1915 ಇದೆ. ಇವೆಲ್ಲ ಒಳ್ಳೆಯವೇ. ಆದರೆ ಇವುಗಳ ಹಿಂದೆ ಒಂದು ನಂಬಿಕೆ ಇದೆ. ಜಾಹೀರಾತು ಎಲ್ಲರ ಕಣ್ಣಿಗೆ ಬೀಳುತ್ತದೆ, ತಪ್ಪಿದ್ದರೆ ಯಾರಾದರೂ ಒಬ್ಬರು ಬೆರಳು ತೋರಿಸುತ್ತಾರೆ ಎಂಬುದು. ಹೋರ್ಡಿಂಗ್ ಸುಳ್ಳು ಹೇಳಿದರೆ ಇಡೀ ಬೀದಿ ಸಾಕ್ಷಿ. ನನ್ನ ಫೋನಿನಲ್ಲಿ ಮೂರು ಸೆಕೆಂಡು ಬಂದು ಹೋದ ಜಾಹೀರಾತಿಗೆ ನಾನೊಬ್ಬಳೇ ಸಾಕ್ಷಿ, ಅದೂ ಹಿಂದಕ್ಕೆ ಹೋಗಿ ನೋಡಿದರೆ ಅಲ್ಲಿ ಬೇರೆಯದೇ ಬಂದಿರುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತೋರಿಸದ ಜಾಹೀರಾತು. 2019ರಲ್ಲಿ ಅಮೆರಿಕದ ಸಂಶೋಧಕರು ಫೇಸ್‌ಬುಕ್‌ನಲ್ಲಿ ಕೆಲಸದ ಜಾಹೀರಾತುಗಳನ್ನು ತಾವೇ ದುಡ್ಡು ಕೊಟ್ಟು ಹಾಕಿ ನೋಡಿದರು. ಗಂಡಸರಿಗೆ ತೋರಿಸಿ, ಹೆಂಗಸರಿಗೆ ತೋರಿಸಿ ಎಂದು ಅವರು ಹೇಳಲೇ ಇಲ್ಲ; ಎಲ್ಲ ಜಾಹೀರಾತುಗಳಿಗೂ ಒಂದೇ ಗುಂಪನ್ನು ಆರಿಸಿದ್ದರು. ಆದರೂ ಸೂಪರ್ ಮಾರ್ಕೆಟ್ಟಿನ ಕ್ಯಾಷಿಯರ್ ಕೆಲಸದ ಜಾಹೀರಾತು ನೋಡಿದವರಲ್ಲಿ ನೂರಕ್ಕೆ 85 ಹೆಂಗಸರು, ಮರ ಕಡಿಯುವ ಕೆಲಸದ್ದನ್ನು ನೋಡಿದವರಲ್ಲಿ ನೂರಕ್ಕೆ 90 ಗಂಡಸರು. ಕರಿಯರು ಬಿಳಿಯರ ನಡುವೆಯೂ ಇಂಥದೇ ಅಂತರ ಕಂಡಿತು. ಯಾರು ಒತ್ತುವ ಸಂಭವ ಹೆಚ್ಚು ಎಂದು ಯಂತ್ರ ಊಹಿಸಿತು, ಊಹೆಯನ್ನು ನಿನ್ನೆಯ ಲೋಕದಿಂದ ಕಲಿತಿತ್ತು.

ಫೇಸ್‌ಬುಕ್ಕಿನ ಮಾಲೀಕ ಕಂಪನಿ ಮೆಟಾ 2022ರ ಜನವರಿಯಿಂದ ಧರ್ಮ, ಆರೋಗ್ಯ, ರಾಜಕೀಯ ಒಲವಿಗೆ ಸಂಬಂಧಿಸಿದ ವಿಷಯಗಳನ್ನು ಆರಿಸಿಕೊಂಡು ಜಾಹೀರಾತು ಗುರಿಯಿಡುವ ಸೌಲಭ್ಯಗಳನ್ನು ತೆಗೆದುಹಾಕಿತು. ಒಳ್ಳೆಯದಾಯಿತು. ಆದರೆ ಉರ್ದು ನಾತ್ ಕೇಳಿ, ಹಿಜಾಬ್ ಪಿನ್ ಹುಡುಕಿ, ಇಫ್ತಾರ್ ಸಮಯ ನೋಡುವ ಹುಡುಗಿಯ ಧರ್ಮ ಯಾವುದೆಂದು ಪ್ರತ್ಯೇಕ ಕಾಲಮ್ಮಿನಲ್ಲಿ ಬರೆದುಕೊಳ್ಳಬೇಕಾಗಿಲ್ಲ. ಅವಳ ಸಂಖ್ಯೆಗಳ ಸಾಲು ಅಂಥವೇ ಇತರ ಸಾಲುಗಳ ಪಕ್ಕ ಹೋಗಿ ನಿಂತಿರುತ್ತದೆ. ಅತ್ತರು, ಅಬಾಯಾ ತೋರಿಸಿದರೆ ನನಗೇನೂ ಬೇಸರವಿಲ್ಲ, ಚೆನ್ನಾಗಿದ್ದರೆ ನೋಡುತ್ತೇನೆ ಕೂಡ. ನನ್ನ ಪ್ರಶ್ನೆ ಬೇರೆ. ನಮ್ಮ ತರಗತಿಯ ಎಷ್ಟು ಹುಡುಗಿಯರ ಫೋನಿಗೆ ಮದುವೆ ಲೆಹೆಂಗಾದ ಜಾಹೀರಾತು ಬರುತ್ತದೆ, ಎಷ್ಟು ಜನರಿಗೆ ಸಿಎ ಫೌಂಡೇಶನ್ ತರಗತಿಯದು ಬರುತ್ತದೆ? ಹುಡುಗರ ಫೋನಿನಲ್ಲಿ ಹೇಗೆ? ಪತ್ರಿಕೆಯಲ್ಲಿ ಸಿಎ ತರಗತಿಯ ಜಾಹೀರಾತು ಬಂದರೆ ಅಬ್ಬಾ ಓದಿ ಮಡಚಿಟ್ಟ ಮೇಲೆ ನಾನೂ ನೋಡಬಹುದಿತ್ತು. ಫೋನಿನಲ್ಲಿ ಬಾರದೆ ಹೋದದ್ದನ್ನು ಬರಲಿಲ್ಲ ಎಂದು ತಿಳಿಯುವುದೇ ಹೇಗೆ?

ಕಾನೂನಿನ ಪ್ರಕಾರ ನಾನು ಇನ್ನೂ ಮಗು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅದರ 9ನೇ ಸೆಕ್ಷನ್ ಮಕ್ಕಳ ವರ್ತನೆಯನ್ನು ಹಿಂಬಾಲಿಸಿ ಗಮನಿಸುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ಕೊಡುವುದನ್ನೂ ನಿಷೇಧಿಸುತ್ತದೆ. ಮಕ್ಕಳ ವಿಷಯದ ಹೊಣೆ ತಪ್ಪಿದರೆ ದಂಡ 200 ಕೋಟಿಯವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಅಷ್ಟರೊಳಗೆ ನನಗೆ ಹದಿನೆಂಟು ದಾಟಿರುತ್ತದೆ. ಎಂಟನೇ ತರಗತಿಯಲ್ಲಿರುವ ನನ್ನ ತಮ್ಮನಿಗಾದರೂ ಸಿಗಲಿ.

ಅವನಿಗೆ ಸಿಗುತ್ತದೆಯೇ ಎಂಬುದು ಒಂದು ಸಣ್ಣ ವಿಷಯದ ಮೇಲೆ ನಿಂತಿದೆ. ಮಗುವಿನ ದತ್ತಾಂಶ ಬಳಸಬೇಕಾದರೆ ತಂದೆ ತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ ಕಾಯ್ದೆ. ನಮ್ಮಂಥ ಮನೆಗಳಲ್ಲಿ ಫೋನ್ ಒಂದೇ, ಅಮ್ಮಿಯದು. ಅದರಲ್ಲಿ ಒಟಿಪಿ ನೋಡುವುದು, ಇಂಗ್ಲಿಷ್ ಓದಿ ಹೇಳುವುದು, 'ಐ ಅಗ್ರೀ' ಒತ್ತುವುದು ಮಕ್ಕಳು. 'ಬೇಟಾ, ಇದೇನು ಕೇಳ್ತಿದೆ ನೋಡು' ಎಂದು ಅಮ್ಮಿ ಫೋನ್ ಕೊಟ್ಟರೆ ತಮ್ಮ ಓದುವ ಮೊದಲೇ ಒತ್ತಿರುತ್ತಾನೆ. ತಾಯಿಯ ಒಪ್ಪಿಗೆಯನ್ನು ಮಗನೇ ಕೊಟ್ಟಂತಾಯಿತು. ಯಂತ್ರದ ಕಣ್ಣಿಗೆ ಅಮ್ಮಿಯ ಸೀರಿಯಲ್, ತಮ್ಮನ ಕ್ರಿಕೆಟ್, ನನ್ನ ಲೆಕ್ಕಶಾಸ್ತ್ರದ ಪುಸ್ತಕ ಎಲ್ಲ ಸೇರಿ ನಲವತ್ತೆರಡು ವರ್ಷದ ಒಬ್ಬ ವಿಚಿತ್ರ ಹೆಂಗಸು. ಅವಳು ಮಗುವಲ್ಲವಾದ್ದರಿಂದ 9ನೇ ಸೆಕ್ಷನ್ ಅವಳಿಗಿಲ್ಲ.

ಇದೇ ಕಾಯ್ದೆಯಲ್ಲಿ ಇನ್ನೊಂದು ಉಪಯೋಗದ ಮಾತಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ, ಉರ್ದೂ ಇದೆ. ಅಮ್ಮಿ ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವರು, ಅಕ್ಷರ ಚೆನ್ನಾಗಿ ಓದುತ್ತಾರೆ. ಆ ಸೂಚನೆ ಉರ್ದುವಿನಲ್ಲಿ ಬಂದರೆ ಅವರೇ ಓದಿ ಅವರೇ ಬೇಡ ಎನ್ನಬಲ್ಲರು. ಈ ಒಂದು ಅಂಶವನ್ನು ಕಂಪನಿಗಳು ಎಲ್ಲೋ ಮೂಲೆಯ ಮೆನುವಿನಲ್ಲಿ ಅಡಗಿಸದೆ ಮೊದಲ ಪರದೆಯಲ್ಲೇ ಇಡುವಂತೆ ಸರ್ಕಾರ ನೋಡಿಕೊಳ್ಳಬೇಕು. ಯುರೋಪ್ ಒಕ್ಕೂಟದ ಡಿಜಿಟಲ್ ಸರ್ವೀಸಸ್ ಆ್ಯಕ್ಟ್ ದೊಡ್ಡ ವೇದಿಕೆಗಳಿಗೆ ಇನ್ನೊಂದು ಹೊಣೆ ಹೊರಿಸಿದೆ. ತಾವು ತೋರಿಸಿದ ಪ್ರತಿ ಜಾಹೀರಾತನ್ನೂ, ಅದಕ್ಕೆ ಹಣ ಕೊಟ್ಟವರು ಯಾರು, ಯಾವ ಗುಂಪಿಗೆ ಗುರಿಯಿಟ್ಟಿದ್ದರು ಎಂಬುದನ್ನೂ ಯಾರು ಬೇಕಾದರೂ ನೋಡಬಹುದಾದ ಭಂಡಾರದಲ್ಲಿ ಇಡಬೇಕು. ನಮ್ಮ ದತ್ತಾಂಶ ಕಾಯ್ದೆಯಲ್ಲಿ ಇಂಥ ಭಂಡಾರದ ಮಾತಿಲ್ಲ. ಸೇರಿಸಬೇಕು. ಹೋರ್ಡಿಂಗಿಗೆ ಬೀದಿ ಸಾಕ್ಷಿಯಾಗಿದ್ದಂತೆ ಫೋನಿನ ಜಾಹೀರಾತಿಗೂ ಒಂದು ಬೀದಿ ಬೇಕು.

ದೆಹಲಿಯಲ್ಲಿ ಅದು ಆಗುವವರೆಗೆ ನಮ್ಮ ಕಾಲೇಜಿನಲ್ಲಿ ಒಂದು ಸಣ್ಣ ಬೀದಿ ಮಾಡಬಹುದು ಎಂದು ವಾಣಿಜ್ಯ ಸಂಘದ ಮುಂದೆ ಒಂದು ಸಲಹೆ ಇಟ್ಟಿದ್ದೇನೆ. ಗ್ರಂಥಾಲಯದ ಪಕ್ಕ ಖಾಲಿ ಬಿದ್ದಿರುವ ಹಸಿರು ಫಲಕದಲ್ಲಿ, ವಾರಕ್ಕೊಮ್ಮೆ, ನಮ್ಮ ಫೋನಿಗೆ ಬಂದ ಜಾಹೀರಾತುಗಳನ್ನು ನೋಡಿ ಬರೆದು ಅಂಟಿಸೋಣ. ಹೆಸರು ಬೇಡ, ಫೋನ್ ನಂಬರ್ ಬೇಡ. ಯಾವ ದಿನ, ಏನು ಮಾರುತ್ತಿತ್ತು, ಬೆಲೆ ಎಷ್ಟಿತ್ತು, ಅದಕ್ಕೂ ಮುಂಚೆ ಏನು ಹುಡುಕಿದ್ದೆವು, ಹುಡುಗಿಯೋ ಹುಡುಗನೋ, ಯಾವ ವಿಭಾಗ, ಇಷ್ಟು ಸಾಕು. ಕೋರ್ಸು, ಕೆಲಸ, ವಿದ್ಯಾರ್ಥಿವೇತನದ ಜಾಹೀರಾತು ಬಂದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯೋಣ, ಬಾರದವರೂ ಬಂದು ಓದಿಕೊಳ್ಳಲಿ. ಅಧ್ಯಾಪಕರೂ ಬರೆಯಬಹುದು, ಅವರಿಗೆ ಏನು ಬರುತ್ತದೆ ಎಂಬ ಕುತೂಹಲ ನಮಗಿದೆ. ಎರಡು ತಿಂಗಳಾದ ಮೇಲೆ ಸಂಖ್ಯಾಶಾಸ್ತ್ರದ ಪ್ರಾಯೋಗಿಕ ಕೆಲಸಕ್ಕೆ ಅದನ್ನೇ ಎಣಿಸಬಹುದು. ಹಾಳೆ, ಗುಂಡುಪಿನ್ನು ಗ್ರಂಥಪಾಲಕರ ಮೇಜಿನ ಮೇಲಿವೆ, ಕೆಂಪು ಪೆನ್ನು ನನ್ನ ಹತ್ತಿರ ಇದೆ.